ದ್ಯಾಮವ್ವನ ಕಣ್ಣು

ಬೆನ್ನಾಳದ ಮಠದಲ್ಲಿ ಪೂಜ್ಯ ಗುರುಸಂಗಮ್ಮ ತಾಯಿಯವರನ್ನು ಗದ್ದುಗೆಯ ಬಳಿ ಹುಡುಕಿದವರು ಬರಿಗೈಲಿ ಬರಬೇಕಿತ್ತು. ಅವರು ಸಿಗುತ್ತಿದ್ದುದು ಅಡುಗೆಯ ಪಡಸಾಲೆಯಲ್ಲಿ. ಅಂದೂ ದಾಸೋಹಕ್ಕೆ ಬಂದ ಮೆಂತ್ಯ ಸೊಪ್ಪನ್ನು ಮುಂದೆ ಹಾಕಿಕೊಂಡು, ಗೋಣಿತಟ್ಟಿನ ಮೇಲೆ ಕುಳಿತು ಬಿಡಿಸುತ್ತಿದ್ದರು. ಚಿತ್ರಗಾರ ಗಂಗಾಧರಪ್ಪ ಬಂದು ಅಡ್ಡಬಿದ್ದಾಗ, ಒಂದು ಸಿವುಡು ಸೊಪ್ಪನ್ನು ಅವನ ಕಡೆಗೂ ಸರಿಸಿದರು.

ಮರದ ದೇವರಿಗೆ ಬಣ್ಣ ಹಚ್ಚುವುದು ಅವನ ಮನೆತನದ ಕಸುಬು. ಕಳೆಯಿದ್ದ ಕೈ ಮಾತ್ರ ತಮ್ಮ ಮೋನಪ್ಪನದು. ಆ ಮೋನಪ್ಪನಿಗೋ, ಕೆಲವು ವಾರ ನಿದ್ದೆಯಿಲ್ಲದೆ ಮಾತು, ಹಾಡು, ಹುಚ್ಚೆದ್ದ ಕೆಲಸ; ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುವುದು. ಡಾಕ್ಟರು ಬೈಪೋಲಾರ್ ಎಂದು ಕಾಯಿಲೆಯ ಹೆಸರು ಹೇಳಿ ಗುಳಿಗೆ ಕೊಟ್ಟಿದ್ದರು. ಎರಡು ವರ್ಷ ಚೆನ್ನಾಗಿಯೇ ಇದ್ದ. ಓಣಿಯವರು ಕೇಳಿದರೆ ಅಣ್ಣ "ಪಿತ್ತದ ಗುಳಿಗಿ" ಎನ್ನುತ್ತಿದ್ದ.

ಆ ವರ್ಷ ಪಕ್ಕದೂರಿನ ಗ್ರಾಮದೇವಿ ದ್ಯಾಮವ್ವ ಹೊಸ ಬಣ್ಣಕ್ಕೆ ಬಂದಳು. ದೇವಿಯ ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಗೆ. ಕಣ್ಣು ಬಂದ ಮೇಲೆಯೇ ಮರ ದೇವಿಯಾಗುವುದು. ಗಂಗಾಧರಪ್ಪನಿಗೆ ಗುಳಿಗೆಗೂ ಮೊದಲು, ನಿದ್ದೆಯಿಲ್ಲದ ದಿನಗಳ ಆವೇಶದಲ್ಲಿ ಮೋನಪ್ಪ ಬರೆದ ದುರ್ಗಿಯ ಕಣ್ಣು ನೆನಪಾಯಿತು. ಅದನ್ನು ಕಂಡು ಜನ ಹಿಂದೆ ಸರಿದಿದ್ದರು. ಗುಳಿಗೆ ಕೈಯನ್ನು ಕಟ್ಟಿಹಾಕಿದೆ ಎಂದುಕೊಂಡ. ಕಣ್ಣು ಬರೆಯುವ ತನಕ ಗುಳಿಗೆ ಬಿಡು ಎಂದ. ಅಣ್ಣನ ಮಾತು, ಮೋನಪ್ಪ ಬಿಟ್ಟ.

ಕೆಲವು ದಿನಗಳಲ್ಲಿ ನಿದ್ದೆ ಹಾರಿತು, ದೇವಿಯ ಸೀರೆ ಒಡವೆಗಳೆಲ್ಲ ಮಿಂಚತೊಡಗಿದವು. ಕಣ್ಣು ಬರೆಯುವ ದಿನ ಮೋನಪ್ಪ ತಾನೇ ದ್ಯಾಮವ್ವನೆನ್ನುತ್ತ ಬೀದಿಗೆ ಓಡಿದ. ಜನ ಹೊಡೆದು ಕಂಬಕ್ಕೆ ಕಟ್ಟಿದರು. ಹುಚ್ಚನ ಕೈಯ ಕಣ್ಣು ದೇವಿಗೆ ಬೇಡವೆಂದು ಆ ಊರಿನ ಗೌಡರು ಹೇಳಿ ಕಳಿಸಿದರು. ಈಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಅನ್ನ ಮುಟ್ಟುತ್ತಿರಲಿಲ್ಲ.

"ಒಂದು ತಾಯತ ಕಟ್ಟಿಕೊಡ್ರಿ ಯವ್ವಾ," ಎಂದ ಗಂಗಾಧರಪ್ಪ, ತಮ್ಮ ಗುಳಿಗೆ ಬಿಟ್ಟು ಹೀಗಾದ ಕತೆ ಹೇಳಿ. "ಮೈಯಾಗಿನ ದೆವ್ವ ಹೋಗಬೇಕು, ಕೈಯಾಗಿನ ಕಳಾ ಉಳೀಬೇಕು."

"ಗುಳಿಗಿ ಬಿಡಿಸಿದವರು ಯಾರು?"

ಅವನು ತಲೆ ತಗ್ಗಿಸಿದ. "ನಾನ."

ತಾಯಿಯವರು ಕೈಯಲ್ಲಿದ್ದ ಸಿವುಡನ್ನು ಕೆಳಗಿಟ್ಟರು. ಆಮೇಲೆ ನುಡಿದರು: "ದೇವಿಗೆ ಕಣ್ಣು ಕೊಡಾಕ ಹೋಗಿ ತಮ್ಮನ ನಿದ್ದಿ ಕಸಗೊಂಡಿ. ಕಳಾ ಜಡ್ಡಿನದಲ್ಲೋ ಅಪ್ಪಾ, ಅದು ಅವನದು. ಇವತ್ತ ಡಾಕ್ಟರ ಕಡೆ ಕರಕೊಂಡು ಹೋಗು. ದ್ಯಾಮವ್ವ ಕಾಯತಾಳ."

ಗಂಗಾಧರಪ್ಪ ಸೊಪ್ಪಿನ ಗುಡ್ಡೆಯ ಮುಂದೆ ಕುಳಿತು ಮಗುವಿನಂತೆ ಅತ್ತ. ತಾಯತವೇನೋ ಸಿಗಲಿಲ್ಲ. ತಾಯಿಯವರು ಗೌಡರಿಗೆ ಹೇಳಿ ಕಳಿಸಿ ದೇವಿಯನ್ನು ಮಠಕ್ಕೆ ತರಿಸಿಕೊಂಡರು, ಇನ್ನೂ ಕಣ್ಣಿಲ್ಲದ ಮುಖಕ್ಕೆ ಬಿಳಿಯ ವಸ್ತ್ರ ಹೊದಿಸಿದರು. ಹಾಗೆ ಆರು ತಿಂಗಳು ಕಾದರು.

ಡಾಕ್ಟರ ಗುಳಿಗೆ ಮತ್ತೆ ಶುರುವಾದ ಮೇಲೆ ಮೋನಪ್ಪ ಮೊದಲು ಎದ್ದು ಕುಳಿತ, ಆಮೇಲೆ ಉಂಡ, ಆಮೇಲೆ ಬಣ್ಣ ಅರೆಯಲು ತೊಡಗಿದ. "ಅಣ್ಣಾ, ಕೈ ನಿಧಾನ ಆಗೇತಿ. ಕಣ್ಣು ಬರ್ತಾವೋ ಇಲ್ಲೋ," ಎಂದು ಹೆದರುತ್ತಿದ್ದ. ಅಣ್ಣನಿಗೂ ಒಳಗೊಳಗೇ ಅದೇ ಹೆದರಿಕೆ.

ಕಣ್ಣು ಬರೆಯುವ ಮುಂಜಾನೆ ಊರವರೆಲ್ಲ ಮಠದಲ್ಲಿ ಸೇರಿದರು. "ಇವನ ತಲಿ ಈಗ ನೆಟ್ಟಗೈತೇನು?" ಎಂದರು ಗೌಡರು.

ಜನ ತಾಯಿಯವರ ಮುಖ ನೋಡಿದರು. ಮಾತಾಡಿದವನು ಗಂಗಾಧರಪ್ಪ. "ಇವಗ ಮನಸಿನ ಜಡ್ಡೈತ್ರಿ ಗೌಡ್ರ. ಗುಳಿಗಿ ತಗೋತಾನ, ಮುಂದೂ ತಗೋತಾನ. ಅವತ್ತು ಬಿಡಿಸಿದವ ನಾನು, ತಪ್ಪು ನಂದು. ಇವನಂಥ ಕೈ ನಮ್ಮ ಮನಿತನದಾಗ ಹುಟ್ಟಿಲ್ಲ."

ತಾಯಿಯವರು ದೇವಿಯ ಮುಂದೆ ನೆಲಕ್ಕೆ ಕುಳಿತರು. ಗೌಡರೂ ಕುಳಿತರು.

ಎರಡು ಕಣ್ಣಿಗೆ ಮೋನಪ್ಪ ಇಡೀ ಮುಂಜಾನೆ ತೆಗೆದುಕೊಂಡ. ಜನ ಹಿಂದೆ ಸರಿಯುವಂಥ ಕಣ್ಣುಗಳಲ್ಲ ಅವು. ಮುದುಕಿಯೊಬ್ಬಳು ಹತ್ತಿರ ಹೋಗಿ, "ಯವ್ವಾ, ಈಕಿ ನನ್ನ ಮಾತು ಕೇಳಾಕತ್ತಾಳ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಗಂಗಾಧರಪ್ಪನಲ್ಲಿಗೆ ಬೇರೆ ಬಗೆಯ ಜನವೂ ಬರತೊಡಗಿದರು. ಮಗಳನ್ನೋ ತಮ್ಮನನ್ನೋ ಮನೆಯೊಳಗೆ ಮುಚ್ಚಿಟ್ಟುಕೊಂಡವರು. ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳುತ್ತಿದ್ದರು. ಅವನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಮೋನಪ್ಪಾ, ಇವರಿಗೆ ನಿನ್ನ ಡಾಕ್ಟರ ಹೆಸರು ಬರಕೊಡು."