ಮೊಬೈಲ್ ಪುಸ್ತಕವೂ ಸುಗಂಧರಾಜದ ಹಾರವೂ

ಸ್ವಲ್ಪ ಹತ್ತಿರ ಬನ್ನಿ. ಇದು ನಿಮ್ಮ ಕಿವಿಗೆ ಮಾತ್ರ, ಎಲ್ಲೂ ಬಾಯಿ ಬಿಡಬೇಡಿ.

ಪಕ್ಕದ ಮನೆ ನಂಜುಂಡಯ್ಯ ಮೇಷ್ಟ್ರು ಒಂದು ಪುಸ್ತಕ ಬರೆದರು. ಕಾಗದದ್ದಕ್ಕೆ ನೂರೈವತ್ತು, ಮೊಬೈಲಿನಲ್ಲಿ ಓದೋದಕ್ಕೆ ಇನ್ನೂರು! ಕಾಗದವೇ ಇಲ್ಲದ್ದಕ್ಕೆ ಜಾಸ್ತಿ ಯಾಕೋ, ನನ್ನ ತಲೆಗಂತೂ ಹತ್ತಲಿಲ್ಲ.

ಬಿಡುಗಡೆಗೆ ಹಾರ ಬೇಕಿತ್ತು. ಬೀದಿ ತುದಿಯ ಹೂವಾಡಗಿತ್ತಿಗೆ ಮೇಷ್ಟ್ರು ಗದರಿದರು: "ಮೊದಲು ಮೊಬೈಲ್ ಪುಸ್ತಕ ಕೊಂಡ್ಕೋ. ಇಲ್ಲದಿದ್ರೆ ಹಾರ ಬೇರೆ ಕಡೆ ತರಿಸ್ತೀನಿ."

"ಓದಿ ನನ್ನ ತಂಗಿಗೆ ಕೊಡಬಹುದಾ ಸ್ವಾಮಿ?"

"ಕೊಡೋ ಹಾಗಿಲ್ಲ."

"ರದ್ದಿಗೆ ಹಾಕಬಹುದಾ?"

"ಹುಚ್ಚಿ! ಅದು ನಿನಗೊಬ್ಬಳಿಗೇ, ಓದೋದಕ್ಕೆ ಮಾತ್ರ."

ಪಾಪ, ಕೊಂಡಳು. ಸುಗಂಧರಾಜದ ದಪ್ಪ ಹಾರವನ್ನೂ ತಂದಳು. ಸಭೆಯಲ್ಲಿ ಕೊರಳಿಗೆ ಬಿದ್ದ ಹಾರವನ್ನು ಮೇಷ್ಟ್ರು, ಎಲ್ಲರೂ ಮಾಡೋ ಹಾಗೆ, ತಕ್ಷಣ ತೆಗೆದು ಮೇಜಿನ ಮೇಲಿಡಲು ಹೋದರು. ಅವಳು ಎದ್ದು ಕೂಗಿದಳು: "ತೆಗೀಬೇಡಿ ಸ್ವಾಮಿ! ಇದೂ ನಿಮ್ಮ ಪುಸ್ತಕದ ಥರವೇ. ನಿಮಗೊಬ್ಬರಿಗೇ, ಹಾಕ್ಕೊಳ್ಳೋದಕ್ಕೆ ಮಾತ್ರ. ಮೇಜಿಗೂ ಇಲ್ಲ, ಅಮ್ಮಾವ್ರ ಕೊರಳಿಗೂ ಇಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಸೀನುತ್ತಾ, ಕತ್ತು ಕೆರೆದುಕೊಳ್ಳುತ್ತಾ ಮೂರು ಭಾಷಣ ಮುಗಿಯೋವರೆಗೂ ಕೂತರು. ಕೊನೆಗೆ ಮೈಕಿನಲ್ಲೇ ಮೊಬೈಲ್ ಪುಸ್ತಕವನ್ನು ಐವತ್ತಕ್ಕೆ ಇಳಿಸಿ, ಅವಳ ಉಳಿದ ದುಡ್ಡು ವಾಪಸ್ ಕೊಟ್ಟರು. ಆಮೇಲೇ ಹಾರ ಇಳಿಯಿತು.

ಈಗ ನನಗೆ ಇನ್ನೂ ಗೊಂದಲ. ಐವತ್ತಾದರೂ ಹೆಚ್ಚೋ, ಕಡಿಮೆಯೋ? ಯಾವುದು ತಗೊಳ್ಳಲಿ ಅಂತ ಮೇಷ್ಟ್ರ ಹೆಂಡತಿ ತುಂಗಮ್ಮನನ್ನೇ ಕೇಳಿದೆ. ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ಕಾಗದದ್ದೇ ತಗೊಳ್ಳಿ ರೀ. ಓದೋಕಾಗದಿದ್ರೆ ಇನ್ನೊಬ್ಬರ ಮನೆಗೆ ದಾಟಿಸಬಹುದು. ನಾನೂ ಹಾಗೇ ಮಾಡಿದ್ದು."