ಸರಾಸರಿ ಕಲಿತ ತಿಪ್ಪೇಶ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಮಠದ ದಾಸೋಹದಲ್ಲಿ ಒಲೆಯ ಮುಂದೆ ಕೂತಿರುತ್ತಿದ್ದ ಪರ್ವತಯ್ಯನವರು. ಸೊಪ್ಪು ಸೋಸುತ್ತಾ ನಿಧಾನವಾಗಿ ಹೇಳಿದರು. ನಾನೂ ಹಾಗೆಯೇ ಹೇಳುತ್ತೇನೆ. ಮಾತು ಹೆಚ್ಚುಕಡಿಮೆಯಾದರೆ ಶಿವ ಮನ್ನಿಸಲಿ.

ನಾಗವ್ವನಿಗೆ ಒಬ್ಬನೇ ಮಗ, ತಿಪ್ಪೇಶ. ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಕಡೆಗೆ ಪಕ್ಕದೂರಿನ ಮರುಳಸಿದ್ದಪ್ಪನವರು ಮಾತಿಗೆ ಬಂದರು. ಅವರಿಗೆ ಕ್ರಿಕೆಟ್ಟಿನ ಹುಚ್ಚು. ವರನ ಮನೆತನ ಕೇಳಲಿಲ್ಲ, ಗುಣ ಕೇಳಲಿಲ್ಲ.

"ಹುಡುಗನಿಗೆ ಸರಾಸರಿ ಅಂದರೇನು ಅಂತ ಗೊತ್ತಿರಬೇಕು. ಗೊತ್ತಿದ್ದರೆ ಮಗಳನ್ನು ಕೊಡ್ತೀನಿ," ಎಂದರು.

ನಾಗವ್ವ ರೊಟ್ಟಿ ತಟ್ಟುತ್ತಲೇ ಕಾಮೆಂಟರಿ ಕೇಳಿ ಆಟ ತಿಳಿದವಳು. ಮಗನನ್ನು ಕೂರಿಸಿಕೊಂಡಳು.

"ನೋಡಪ್ಪಾ, ನಮ್ಮೂರ ಪ್ರಭು ಇದ್ದಾನಲ್ಲ, ಅವನ ಸರಾಸರಿ ಮೂವತ್ತು. ಅಂದರೆ ಬ್ಯಾಟು ಹಿಡಿದು ಹೋದರೆ ಮೂವತ್ತು ರನ್ನು ಹೊಡೀತಾನೆ. ತಿಳೀತಾ?"

"ತಿಳೀತವ್ವಾ!"

ಭಾನುವಾರ ಕೆರೆ ಅಂಗಳದಲ್ಲಿ ಪಂದ್ಯ. ಪ್ರಭು ಮೂವತ್ತು ಹೊಡೆದ. ತಿಪ್ಪೇಶ ಓಡಿಹೋಗಿ ಅವನ ರಟ್ಟೆ ಹಿಡಿದ.

"ನಡಿಯಣ್ಣಾ, ನಿನ್ನ ಮೂವತ್ತು ಆಯ್ತು!"

"ಬಿಡೋ! ಗೆಲ್ಲೋಕೆ ಇನ್ನೂ ರನ್ನು ಬೇಕು!"

"ಅದು ಬೇರೆಯವರ ಪಾಲು. ನೀನು ನಡಿ!"

ದರದರ ಎಳೆದುಕೊಂಡೇ ಬಂದ. ಊರು ಪಂದ್ಯ ಸೋತಿತು. ಹುಡುಗರು ಅವನ ಬೆನ್ನು ಹಣ್ಣು ಮಾಡಿದರು.

ನಾಗವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಪ್ರತಿಸಲ ಮೂವತ್ತೇ ಹೊಡೀತಾನೇನೋ? ಒಂದಿನ ಅರವತ್ತು, ಒಂದಿನ ಸೊನ್ನೆ. ಎಲ್ಲಾ ಒಟ್ಟಿಗೆ ಕೂಡಿಸಿ ಸಮನಾಗಿ ಹಂಚಬೇಕು. ಅದು ಸರಾಸರಿ!"

"ಮೊದಲೇ ಹೇಳಬಾರದೇನವ್ವಾ!"

ಸೋಮವಾರ ಮಠದಲ್ಲಿ ದಾಸೋಹ. ಬಡಿಸುವವರು ಸಾಲದೆ ತಿಪ್ಪೇಶನ ಕೈಗೆ ಸೌಟು ಕೊಟ್ಟರು. ಅವನು ನೋಡಿದ. ಒಂದು ಕಡೆ ಗೋಧಿ ಪಾಯಸ, ಒಂದು ಕಡೆ ಸಾರು, ಒಂದು ಕಡೆ ಮಜ್ಜಿಗೆ, ಉಪ್ಪಿನಕಾಯಿ. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದ. ಚೆನ್ನಾಗಿ ತಿರುವಿದ. ಎಲೆಗೊಂದು ಸೌಟು, ಎಲೆಗೊಂದು ಸೌಟು, ಹಾಕುತ್ತಾ ಹೋದ.

"ಇದೇನೋ ಇದು?" ಎಂದರು ಪಂಕ್ತಿಯವರು.

"ಸರಾಸರಿ!" ಎಂದ.

ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ. ಕಣ್ಣು ಮುಚ್ಚಿ, ಶಿವಶಿವಾ ಎನ್ನುತ್ತಾ ಉಂಡರು.

"ಪಾಯಸಕ್ಕೆ ಸಾರು ಕೂಡಿಸ್ತಾರೇನೋ ಮಂಕೇ!" ಎಂದಳು ನಾಗವ್ವ. "ಕೂಡಿಸೋದು ಒಬ್ಬನೇ ಬೇರೆ ಬೇರೆ ದಿನ ಆಡಿದ ಆಟವನ್ನ. ಒಂದೇ ಸಲ ನೋಡಿ ಇಷ್ಟೇ ಅನ್ನಬಾರದು. ಮತ್ತೆ ಮತ್ತೆ ನೋಡಬೇಕು, ಆಮೇಲೆ ಬಾಯಿ ಬಿಡಬೇಕು. ನಾಳೆ ಹೆಣ್ಣು ನೋಡೋಕೆ ಹೋಗೋದಿದೆ. ಇದೂ ತಪ್ಪಿದರೆ ನಿನಗೆ ಮದುವೆಯೇ ಇಲ್ಲ, ಮಗನೇ!"

ಮರುಳಸಿದ್ದಪ್ಪನವರು ಮಣೆ ಹಾಕಿ ಕೂರಿಸಿ, "ಸರಾಸರಿ ಅಂದರೇನಪ್ಪಾ?" ಎಂದರು.

"ಒಂದೇ ಸಲ ನೋಡಿ ಇಷ್ಟೇ ಅನ್ನಬಾರದು. ಮತ್ತೆ ಮತ್ತೆ ನೋಡಿ, ಕೂಡಿಸಿ, ಹಂಚಬೇಕು!"

"ಭಲೇ! ಇವನೇ ನನ್ನ ಅಳಿಯ!"

ನಾಗವ್ವನ ಕಣ್ಣು ತುಂಬಿತು. ಒಳಗಿನಿಂದ ಮಗಳು ಚಂದ್ರಕಲಾ ಕಾಫಿಯ ತಟ್ಟೆ ಹಿಡಿದು ಬಂದಳು, ಲಕ್ಷಣವಾಗಿದ್ದಳು.

"ಒಪ್ಪಿಗೆಯೇನಪ್ಪಾ?"

"ಒಂದೇ ಸಲ ನೋಡಿ ಹೆಂಗೆ ಹೇಳಲಿ ಮಾವಾ? ಒಳಗೆ ಹೋಗಿ ಮತ್ತೆ ಬರಲಿ."

ಮತ್ತೆ ಬಂದಳು. "ಇನ್ನೊಂದು ಸಲ!" ಎಂದ. ಇನ್ನೊಂದು ಸಲ ಬಂದಳು. "ಇನ್ನೂ ಒಂದು ಸಲ!" ಎಂದ. ಕಾಫಿ ಆರಿತು. ಚಂದ್ರಕಲಾ ಒಳಗೆ ಹೋದವಳೇ ತಟ್ಟೆಯನ್ನು ಅಜ್ಜಿಯ ಕೈಗಿತ್ತಳು.

"ನಾನೇನು ಸಂತೆಯ ಹಸುವೇ? ಈ ಸಲ ನೀನೇ ಹೋಗಜ್ಜೀ!"

ಬೊಚ್ಚುಬಾಯಿಯ ಅಜ್ಜಿ ನಡುಗುತ್ತಾ ಬಂದು ಎದುರು ನಿಂತಳು. ತಿಪ್ಪೇಶ ಅಡಿಯಿಂದ ಮುಡಿಯವರೆಗೆ ನೋಡಿದ. ಬೆರಳು ಮಡಿಸಿದ. ಅವನ ಮುಖ ಬಾಡಿತು.

"ಅವ್ವಾ, ಇಷ್ಟೊತ್ತು ಚೆನ್ನಾಗಿತ್ತು. ಈ ಸಲ ಸೊನ್ನೆ! ಸರಾಸರಿ ಬಿದ್ದೇಹೋಯ್ತು!"

ಅಜ್ಜಿ ಬಾಗಿಲ ಕಡೆಗೆ ಒಂದು ಬೆರಳೆತ್ತಿದಳು.

ಅಂಪೈರು ಬೆರಳೆತ್ತಿದ ಮೇಲೆ ಆಟಗಾರ ವಾದಿಸುವ ಹಾಗಿಲ್ಲ, ಅಷ್ಟನ್ನು ತಿಪ್ಪೇಶ ಕಲಿತಿದ್ದ. ಕೂತಿದ್ದ ಮಣೆಯನ್ನೇ ಬ್ಯಾಟಿನಂತೆ ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಮನೆಯ ಕಡೆ ನಡೆದೇಬಿಟ್ಟ.

"ಮಣೆ ಕೊಟ್ಟು ಬಾರೋ!" ಎಂದು ನಾಗವ್ವ ಬೀದಿಯುದ್ದಕ್ಕೂ ಹಿಂದೆ ಓಡಿದಳು.

ಕೇಳಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಹೆಣ್ಣು ನೋಡಲು ಹೊರಟವರು ಎದುರಾದರೆ ಅವರಿಗೆ ಮೊದಲು ಹೇಳಿ.