ತೇಗದ ಬೆನ್ನು

ಬಡಗಿ ಮೌನೇಶಾಚಾರ್ರು ಮಿಠಾಯಿ ಅಂಗಡಿಗೆಂದು ಎರಡು ಬೋರ್ಡು ಕೆತ್ತಿದ್ದರು. ಒಂದು ತೇಗದ್ದು, ಒಂದು ಪ್ಲಾಸ್ಟಿಕ್ ಫೋಮಿನ ಹಲಗೆಯದು. ಮೊದಲ ಮಳೆ ತಡೆದುಕೊಂಡ ಬೋರ್ಡಿಗೆ ಮುಂಬಾಗಿಲ ಮೇಲಿನ ಜಾಗ ಎಂದು ಅಂಗಡಿ ಸಾಹುಕಾರರ ಮಾತು.

ಆಚಾರ್ರು ವಾರ್ನಿಷ್ ತಂದಾಗ ತೇಗ ಗತ್ತಿನಿಂದ, “ನನಗೆ ಮುಂದೆ ಬಳಿದರೆ ಸಾಕು. ಗೋಡೆ ಕಡೆಯ ಬೆನ್ನನ್ನು ಯಾರು ನೋಡ್ತಾರೆ?” ಎಂದಿತು.

“ನನಗೆ ಬೆನ್ನು, ಅಂಚು, ಮೊಳೆಯ ತೂತು, ಒಂದನ್ನೂ ಬಿಡಬೇಡಿ ಆಚಾರ್ರೇ,” ಎಂದಿತು ಫೋಮು.

“ಎಷ್ಟು ಪುಕ್ಕಲೋ ನೀನು!” ತೇಗ ನಕ್ಕಿತು.

“ಹೌದಣ್ಣ. ನಮ್ಮ ವಂಶದಲ್ಲಿ ಕಾಡಿನ ಮಳೆ ಕಂಡವರೇ ಇಲ್ಲ.”

ಎರಡಕ್ಕೂ ಅವು ಕೇಳಿದಂತೆಯೇ ಬಳಿದು ಆಚಾರ್ರು ಅಂಗಡಿಯ ಹೊರಗೋಡೆಗೆ ತೂಗುಹಾಕಿದರು. ಮಳೆ ಬಂತು. ಗೋಡೆಗುಂಟ ಇಳಿದ ನೀರು ತೇಗದ ಬೆನ್ನನ್ನು ಹೊಕ್ಕಿತು. ಹಪ್ಪಳದಂತೆ ಸೊಟ್ಟಗಾದ ತೇಗ ಮತ್ತೆ ಆಚಾರ್ರ ಕೆಲಸದ ಕೊಟ್ಟಿಗೆ ಸೇರಿತು. ಫೋಮು ಮುಂಬಾಗಿಲು ಏರಿತು.

ಅದನ್ನು ಒಣಗಿಸಿ, ಒತ್ತಿ, ನೆಟ್ಟಗೆ ಮಾಡಿದ ಆಚಾರ್ರು ಮತ್ತೆ ಬ್ರಷ್ ಅದ್ದಿದರು. ಅವರು ಬಾಯಿ ತೆರೆಯುವ ಮೊದಲೇ ತೇಗ ತಾನಾಗಿ ಬೋರಲು ಮಲಗಿತು.